ಹುಳು ಹಣ್ಣಾದ ದಿನ

ನಮ್ಮ ಮಾವ ಬಯ್ಯಪ್ಪನವರು ತೀರಿಕೊಂಡದ್ದು ಸಂಜೆ ಐದು ಗಂಟೆಗೆ ಎಂದು ಊರಿಗೆಲ್ಲ ಗೊತ್ತು. ಹನ್ನೊಂದನೇ ದಿನಕ್ಕೆ ಹಂಚಿದ ಕಾರ್ಡಿನಲ್ಲೂ ಹಾಗೇ ಅಚ್ಚಾಗಿದೆ. ಅದು ಸುಳ್ಳು. ಅವರ ಪ್ರಾಣ ಹೋದದ್ದು ಬೆಳಿಗ್ಗೆ ಆರೂವರೆಗೆ ಮುಂಚೆ. ನಡುವಿನ ಹತ್ತೂವರೆ ಗಂಟೆ ಹೊತ್ತು ಅವರು ಬದುಕಿದ್ದಾರೆ ಎಂದು ಊರನ್ನು ನಂಬಿಸಿದವಳು ನಾನು, ಅವರ ಸೊಸೆ ಅನಸೂಯಮ್ಮ. ಗಂಡನ ಮೇಲೆ ಹಾಕೋಣ ಅಂದರೆ ಆ ಮನುಷ್ಯನಿಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು? ಮಾಡಿದ್ದು ನಾನು. ಬರೆಯುತ್ತಿರುವುದೂ ನಾನೇ.

ನಾನು ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿಯವಳು. ಮೂವತ್ತೊಂದು ವರ್ಷದ ಹಿಂದೆ ಸಾದಲಿ ಹತ್ತಿರದ ಈ ಊರಿಗೆ ಮದುವೆಯಾಗಿ ಬಂದೆ. ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದ ಬೇವಿನ ಮರಕ್ಕೆ ಕನ್ನಡಿ ಸಿಕ್ಕಿಸಿಕೊಂಡು ಮಾವ ಗಡ್ಡ ಮಾಡಿಕೊಳ್ಳುತ್ತಿದ್ದರು. ಕೊಂಬೆಯಲ್ಲಿ ರೇಡಿಯೋ ತೂಗುತ್ತಿತ್ತು. ಕನ್ನಡಿಯೊಳಗಿಂದಲೇ ನನ್ನನ್ನು ನೋಡಿ, “ಏನಮ್ಮ, ಪಿಯುಸಿ ಓದಿದೀಯಂತೆ? ಒಳ್ಳೇದಾಯ್ತು ಬಿಡು. ನನ್ ಕಥೆ ಬರ್ಕೊಳ್ಳೋಕೆ ಒಬ್ರು ಬೇಕಾಗಿತ್ತು” ಅಂದರು. ನಾನು ತಲೆ ತಗ್ಗಿಸಿ ನಕ್ಕೆ. ಮೂವತ್ತೊಂದು ವರ್ಷದಲ್ಲಿ ಒಂದು ಸಾಲೂ ಬರೆದುಕೊಳ್ಳಲಿಲ್ಲ. ಈಗ ಬರೆಯುತ್ತಿದ್ದೇನೆ, ದೊಡ್ಡ ಘನಕಾರ್ಯ.

ದಿನಾ ಬೆಳಿಗ್ಗೆ ಆರೂವರೆಗೆ ಗಡ್ಡ. ಮಳೆ ಬಂದರೆ ಜಗಲಿಯಲ್ಲಿ, ಚಳಿ ಇದ್ದರೆ ಮಫ್ಲರ್ ಸುತ್ತಿಕೊಂಡು. ಅತ್ತೆ ಸತ್ತ ದಿನವೂ ಮೊದಲು ಗಡ್ಡ ಮಾಡಿಕೊಂಡು ಆಮೇಲೆ ಕೂತು ಅತ್ತರು. “ಮಿಲಿಟ್ರಿ ಕಲಿಸಿದ್ದು ಎರಡೇ ಕಣಮ್ಮ. ಒಂದು ಲಾರಿ ಓಡ್ಸೋದು, ಇನ್ನೊಂದು ಗಡ್ಡ ಮಾಡ್ಕೊಳ್ಳೋದು. ಗುಂಡು ಹೊಡೆಯೋದು ಕಲಿಸಿದ್ರು, ಮರೆತೋಯ್ತು” ಅನ್ನುತ್ತಿದ್ದರು. ಗಡ್ಡದ ನೀರಿಗೆ ಒಂದು ಎನಾಮಲ್ ಮಗ್ಗು ಇತ್ತು. ಅಂಚು ಕಿತ್ತುಹೋದ ಬಿಳಿ ಮಗ್ಗು, ತಳದಲ್ಲಿ ಅವರ ಮಿಲಿಟರಿ ನಂಬರು.

ಆ ಮಗ್ಗಿಗೂ ಒಂದು ಕಥೆ. ಯುದ್ಧ ಮುಗಿದು ಮೊದಲ ಸಲ ರಜಕ್ಕೆ ಬಂದಾಗ ಎದೆಯ ಮೇಲೆ ಪದಕದ ಪಟ್ಟಿ ಹಾಕಿಕೊಂಡೇ ಬಸ್ಸಿಳಿದರಂತೆ. ಎದುರಿಗೇ ಹೋಟೆಲು. ಒಳಗೆ ಹೋಗಲು ಕಾಲೆತ್ತಿದರೆ ಮಾಲೀಕ, ನಮ್ಮ ಕೇರಿಯವರಿಗೆಂದು ಸೂರಿನಲ್ಲಿ ಸಿಕ್ಕಿಸಿದ್ದ ಲೋಟದ ಕಡೆ ಕೈ ತೋರಿಸಿದನಂತೆ. ಇವರು ಚೀಲದಿಂದ ಮಗ್ಗು ತೆಗೆದು, “ಇದಕ್ಕೆ ಹಾಕಪ್ಪ. ಇದರಲ್ಲಿ ಕ್ಯಾಪ್ಟನ್ ಸಾಹೇಬ್ರೂ ಟೀ ಕುಡ್ದವ್ರೆ” ಅಂದರಂತೆ. ಮಾಲೀಕ ಒಂದು ಮೊಳ ಮೇಲಿನಿಂದ ಟೀ ಸುರಿದ. ಮಾವ ಬೀದಿಯಲ್ಲೇ ನಿಂತು ಟೀ ಕುಡಿಯುತ್ತ ಯುದ್ಧದ ಕಥೆ ಶುರು ಮಾಡಿದರು. ಒಳಗೆ ಬೆಂಚಿನ ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಬಾಂಬು ಬೀಳುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿ, “ಮಿಕ್ಕಿದ್ದು ಕೇಳ್ಬೇಕಂದ್ರೆ ನನ್ನನ್ನ ಒಳಗೆ ಕೂರಿಸ್ರಪ್ಪ” ಅಂದರು. ಯಾರೂ ಕೂರಿಸಲಿಲ್ಲ. ಮಗ್ಗು ತೊಳೆದುಕೊಂಡು ಮನೆಗೆ ಬಂದರು. ಇದನ್ನು ಹೇಳಿ ಹೇಳಿ ನಗುತ್ತಿದ್ದರು. ನನಗೆ ಒಂದು ದಿನವೂ ನಗು ಬರಲಿಲ್ಲ. 

ಅಸಲಿಗೆ, ಒಳಗೆ ಕೂರಿಸಿದ್ದರೂ ಮಿಕ್ಕಿದ್ದನ್ನು ಹೇಳಲು ಅವರಿಗೆ ಬರುತ್ತಿರಲಿಲ್ಲ. ಯಾಕೆಂದರೆ ಅವರಿಗೇ ಗೊತ್ತಿರಲಿಲ್ಲ.

ಎಪ್ಪತ್ತೊಂದರ ಡಿಸೆಂಬರ್. ಪಂಜಾಬಿನ ಗಡಿ. ಮಾವ ರೇಷನ್ ಲಾರಿಯ ಡ್ರೈವರು. ಪಕ್ಕದಲ್ಲಿ ಅವರ ಜೋಡಿ ಗಂಗರಾಜು, ನಮ್ಮದೇ ಜಿಲ್ಲೆಯ ನಗರಗೆರೆಯವರು. ಇಬ್ಬರೂ ಒಂದೇ ದಿನ ಕೋಲಾರದಲ್ಲಿ ಎದೆ ಅಳೆಸಿಕೊಂಡು ಸೇರಿದವರು. ನಾಲೆಯ ಏರಿ ಮೇಲೆ ಲಾರಿ ಹೋಗುತ್ತಿರುವಾಗ ವಿಮಾನ ಬಂತು. ಹಿಂದೆ ಗೋಧಿ ಹಿಟ್ಟಿನ ಮೂಟೆ. ದೊಡ್ಡ ಸದ್ದು. “ಎಲ್ಲಾ ಬೆಳ್ಳಗಾಗೋಯ್ತು ಕಣಮ್ಮ. ಸತ್ತೋದೆ ಅಂದ್ಕೊಂಡೆ. ನೋಡಿದ್ರೆ ಹಿಟ್ಟು!” ಎಂದು ಅವರು ಹೇಳುವ ಹೊತ್ತಿಗೆ ಕೇಳುವವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಅಷ್ಟೇ ಅವರಿಗೆ ನೆನಪು. ಎಚ್ಚರವಾದದ್ದು ಮೂರು ದಿನ ಬಿಟ್ಟು, ಮಿಲಿಟರಿ ಆಸ್ಪತ್ರೆಯಲ್ಲಿ. ಮೈಮೇಲೆ ಯಾರದೋ ಸ್ವೆಟರ್. ಕೈಯಲ್ಲಿ ಹೆಣೆದದ್ದು, ಕಂದು ಬಣ್ಣ, ಒಂದು ತೋಳು ಇನ್ನೊಂದಕ್ಕಿಂತ ಉದ್ದ. ಮಿಲಿಟರಿಯದ್ದಲ್ಲ, ಯಾವುದೋ ಮನೆಯಲ್ಲಿ ಯಾವುದೋ ಹೆಂಗಸು ಕೂತು ಹೆಣೆದದ್ದು.

ಆ ಮೂರು ದಿನ ಎಚ್ಚರ ಇದ್ದವರು ಗಂಗರಾಜು ಒಬ್ಬರೇ. ಇವರನ್ನು ಯಾರು ಎತ್ತಿದರು, ಎಲ್ಲಿ ಇಟ್ಟುಕೊಂಡಿದ್ದರು, ಆ ಸ್ವೆಟರ್ ಯಾರ ಮೈಯಿಂದ ಇವರ ಮೈಗೆ ಬಂತು, ಎಲ್ಲ ಅವರಿಗೆ ಗೊತ್ತು. ಹೇಳಲಿಲ್ಲ. ಐವತ್ತಮೂರು ವರ್ಷ ಹೇಳಲಿಲ್ಲ. “ನಿನ್ ಮುಖ ನೋಡ್ಕೊಂಡು ಹೇಳೋ ಮಾತಲ್ಲ ಅದು, ಬಿಟ್ಬಿಡೋ” ಅನ್ನುತ್ತಿದ್ದರು.

ಮಾವ ಬಿಡುವವರೇ? ಕಥೆ ಹೇಳುವವರಿಗೆ ತಮ್ಮ ಕಥೆಯ ನಡುವೆಯೇ ಒಂದು ತೂತು ಇದ್ದರೆ ನಿದ್ದೆ ಬರುತ್ತದೆಯೇ? ಕೊನೆಗೆ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡರು. ಅದು ಆದದ್ದು ನಮ್ಮ ಅಂಗಳದಲ್ಲಿ, ನನ್ನ ಕಣ್ಣೆದುರಿಗೆ. “ನೀನು ಮೊದಲು ಹೋದ್ರೆ ನಿನ್ ಹೆಣ ಎತ್ತೋ ಮುಂಚೆ ಪಕ್ಕದಲ್ಲಿ ಕೂತು ಹೇಳ್ತೀನಿ. ಮಕ್ಕಳು ಮೊಮ್ಮಕ್ಕಳೂ ಕೇಳಿಸ್ಕೊಳ್ಲಿ” ಅಂದರು ಗಂಗರಾಜು. “ಜೋರಾಗಿ ಹೇಳ್ಬೇಕು. ನನ್ ಕಥೆ ಅರ್ಧಕ್ಕೆ ನಿಲ್ಲಬಾರ್ದು” ಅಂದರು ಮಾವ. “ನಾನು ಮೊದಲು ಹೋದ್ರೆ?” ಎಂದು ಗಂಗರಾಜು ಕೇಳಿದ್ದಕ್ಕೆ, “ನೀನು ಮೊದಲು ಹೋದ್ರೆ ಎಬ್ಬಿಸಿ ಒದ್ದು ಕೇಳ್ತೀನಿ” ಅಂದರು ಮಾವ. ಗಂಗರಾಜು ಅವರನ್ನು ನಾನು ನಗರಗೆರೆ ಮಾವ ಎಂದು ಕರೆಯುತ್ತಿದ್ದೆ. ಆ ದಿನ ಇಬ್ಬರಿಗೂ ಕೋಳಿ ಸಾರು ಮಾಡಿ ಬಡಿಸಿದ್ದೆ.

ಮಾವ ರಿಟೈರಾಗಿ ಬಂದ ಮೇಲೆ ಮಾಜಿ ಸೈನಿಕರಿಗೆಂದು ಕೊಟ್ಟ ಜಮೀನಿನಲ್ಲಿ ಹಿಪ್ಪುನೇರಳೆ ಇಟ್ಟರು. ನಮ್ಮ ಕೇರಿಯಲ್ಲಿ ಮೊದಲು ರೇಷ್ಮೆ ಹುಳು ಸಾಕಿದವರು ಅವರೇ. ಹುಳುಮನೆಯಲ್ಲಿ ಅವರು ಇದ್ದರೆ ಸೊಪ್ಪು ಹಾಕುವ ಹೆಂಗಸರಿಗೆ ಬೇಸರ ಅನ್ನುವುದೇ ಇಲ್ಲ. ಕಥೆ ಕೇಳುತ್ತ ಕೈ ತಾನಾಗಿ ಓಡುತ್ತಿತ್ತು. ಹದಿನೈದು ವರ್ಷದ ಹಿಂದೆ ಬೌದ್ಧರಾದರು. ನಮ್ಮನ್ನೂ ಕೂರಿಸಿ ಬುದ್ಧನಿಗೆ ಕೈ ಮುಗಿಸಿದರು. ನಾವೂ ಮುಗಿದೆವು. ಮನೆಯಲ್ಲಿ ಬಾಬಾಸಾಹೇಬರ ಫೋಟೋ ಪಕ್ಕ ಬುದ್ಧ ಬಂದ. ಆದರೆ ಹುಳುಮನೆಗೆ ಮಾತ್ರ ನಾನು ಬುದ್ಧನನ್ನು ಬಿಟ್ಟುಕೊಳ್ಳಲಿಲ್ಲ. ಅಲ್ಲಿ ಹಳೆಯ ಕಟ್ಟುಪಾಡೇ. ಮುಟ್ಟಾದವರು ಬರಬಾರದು, ಸೂತಕದವರು ಹೊಸಲು ತುಳಿಯಬಾರದು. ಈ ಕಡೆ ಹುಳು ಸಾಕುವವರೆಲ್ಲ ಹಾಗೇ. ಮಾವ ಗೇಲಿ ಮಾಡುತ್ತಿದ್ದರು. “ಸತ್ತೋರಿಂದ ಮೈಲಿಗೆ ಆಗೋದಾದ್ರೆ ನಾನು ಯುದ್ಧದಲ್ಲಿ ಎಷ್ಟು ಸ್ನಾನ ಮಾಡ್ಬೇಕಿತ್ತಮ್ಮ?”

ಆರು ವರ್ಷದ ಹಿಂದೆ ಅವರ ದೊಡ್ಡಮ್ಮನ ಮಗ ತೀರಿಕೊಂಡ. ಮಣ್ಣು ಮಾಡಿ ಬಂದವರು ಕಾಲು ತೊಳೆದುಕೊಂಡು ನೇರವಾಗಿ ಹುಳುಮನೆಗೆ ಹೋಗಿ ಸೊಪ್ಪು ಹಾಕಿದರು. ನಾಲ್ಕನೇ ದಿನ ಹುಳುವಿಗೆ ಸುಣ್ಣಕಟ್ಟು ರೋಗ ಬಿತ್ತು. ಬೆಳ್ಳಗೆ, ಗಟ್ಟಿಯಾಗಿ, ಸೀಮೆಸುಣ್ಣದ ಚೂರಿನ ಹಾಗೆ ಆಗಿಹೋದವು. ಎಲ್ಲ ಗುಂಡಿಗೆ ಸುರಿದೆವು. ನಾನು ಅಂಗಳದಲ್ಲಿ ನಿಂತು ಬಾಯಿಗೆ ಬಂದಂತೆ ಅಂದೆ. “ಯುದ್ಧದಲ್ಲಿ ಸಾಯ್ಲಿಲ್ಲ, ಇಲ್ಲಿ ಬಂದು ನಮ್ ಹುಳ ಸಾಯಿಸಿದ್ರಿ” ಅಂದೆ. ಹಿರಿಯರು, ಎಪ್ಪತ್ತು ದಾಟಿದವರು. ರೇಡಿಯೋ ತೆಗೆದುಕೊಂಡು ತಮ್ಮ ಕೋಣೆಗೆ ಹೋದರು. ಅವತ್ತಿನಿಂದ ಸಾಯುವ ತನಕ ಹುಳುಮನೆಯ ಹೊಸಲು ತುಳಿಯಲಿಲ್ಲ. ಅಲ್ಲಿ ಕಥೆಯೂ ನಿಂತಿತು.

ಆ ಸಲ ಹುಳು ಸತ್ತದ್ದು ಅವರಿಂದಲ್ಲ. ಹುಳುವಿನ ಮೇಲೆ ಉದುರಿಸುವ ಔಷಧಿ ಪುಡಿಯನ್ನು ಎರಡು ಸಲ ನಾನು ಹಾಕಿರಲಿಲ್ಲ. ತಂದಿದ್ದು ಮುಗಿದಿತ್ತು, ನಾಳೆ ತಂದರಾಯಿತು ಅಂದುಕೊಂಡಿದ್ದೆ. ಇದು ನನಗೆ ಅವತ್ತೇ ಗೊತ್ತಿತ್ತು. ಆರು ವರ್ಷ ಬಾಯಿ ಬಿಡಲಿಲ್ಲ.

ಇಷ್ಟು ಹೇಳಿದ ಮೇಲೆ ಆ ದಿನಕ್ಕೆ ಬರುತ್ತೇನೆ.

ಹೋದ ನವೆಂಬರ್. ಹುಳು ಹಣ್ಣಾಗಿದ್ದವು. ತಿಳಿಯದವರಿಗೆ ಹೇಳುತ್ತೇನೆ. ಇಪ್ಪತ್ತಾರು ಇಪ್ಪತ್ತೇಳು ದಿನ ಸೊಪ್ಪು ತಿಂದ ಹುಳು ಒಂದು ದಿನ ತಿನ್ನುವುದು ನಿಲ್ಲಿಸಿ ಮೈಯೆಲ್ಲ ಹೊಳೆಯುವ ಹಾಗಾಗುತ್ತದೆ. ಅವತ್ತೇ ಅವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ ಏರಿಸಬೇಕು. ತಡ ಮಾಡಿದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಮನೆಯವರ ಕೈ ಸಾಲದು. ಹನ್ನೆರಡು ಹೆಂಗಸರಿಗೆ ಹೇಳಿದ್ದೆ, ಗಂಗುಲಮ್ಮ ಅವರ ಮುಂದಾಳು. ಎಂಟು ಗಂಟೆಗೆ ಬರುವವರಿದ್ದರು.

ಆರೂವರೆಗೆ ಕಾಫಿ ತೆಗೆದುಕೊಂಡು ಹೊರಗೆ ಬಂದೆ. ಬೇವಿನ ಮರದಲ್ಲಿ ಕನ್ನಡಿ ಇರಲಿಲ್ಲ. ಕೋಣೆಗೆ ಹೋಗಿ ನೋಡಿದರೆ ಮಂಚದ ಮೇಲೆ ಮಲಗಿದ್ದಾರೆ, ಕಾಲ ಬಳಿ ಮಗ್ಗು, ಕೈ ತಣ್ಣಗಾಗಿದೆ. ಗಡ್ಡದ ಸಾಮಾನು ತೆಗೆದುಕೊಳ್ಳಲು ಎದ್ದು ಮತ್ತೆ ಮಲಗಿದ್ದರೋ ಏನೋ.

ನನ್ನ ಗಂಡ ವೇಣು ಬಂದು ನೋಡಿ ಕಾಲ ಬಳಿ ಕುಸಿದು ಕೂತ. “ಅಣ್ಣಾ” ಎಂದು ಬಾಯಿ ತೆರೆದ. ತಂದೆಯನ್ನು ಅಣ್ಣ ಎಂದೇ ಕರೆಯುವುದು ಅವನ ಅಭ್ಯಾಸ. ನಾನು ಅವನ ಬಾಯಿ ಮುಚ್ಚಿದೆ. ನಿಜವಾಗಿಯೂ ಕೈಯಿಂದ ಮುಚ್ಚಿದೆ.

“ಸಂಜೆವರೆಗೂ ಉಸಿರೆತ್ತಬೇಡಿ” ಅಂದೆ.

“ಏನೇ ನೀನು, ಮನುಷ್ಯಳೇನೇ?”

“ಈಗ ಹೇಳಿದ್ರೆ ಗಂಗುಲಮ್ಮನೋರು ಒಬ್ರೂ ಒಳಗೆ ಕಾಲಿಡಲ್ಲ. ನಾವೂ ಸೂತಕದೋರು, ಮುಟ್ಟಂಗಿಲ್ಲ. ಅಷ್ಟೂ ಹುಳ ಕಸದಲ್ಲಿ ಹೋಗ್ತವೆ. ಮಾವ ಹೋದ್ರು, ಹೋದ್ರು. ಹುಳ ಇನ್ನೂ ಬದುಕಿದಾವಲ್ಲ. ಹಗಲು ಕಳೀಲಿ, ಚಂದ್ರಿಕೆಗೆ ಏರ್ಲಿ, ಆಮೇಲೆ ಅಳೋಣ.”

ಅವನು ಅಲ್ಲೇ ಕೂತ. ನಾನು ಮಾವನ ಕಣ್ಣು ಮುಚ್ಚಿ, ಗೋಡೆ ಕಡೆ ಮುಖ ಮಾಡಿ ಮಲಗಿಸಿ, ಕಂಬಳಿ ಹೊದಿಸಿದೆ. ಆಮೇಲೆ ಇನ್ನೊಂದು ಹೊಳೆಯಿತು. ಬೆಳಗಾದರೆ ನಮ್ಮ ಮನೆಯಲ್ಲಿ ರೇಡಿಯೋ ಸದ್ದು ಇರಬೇಕು. ಇಲ್ಲದಿದ್ದರೆ ಗಂಗುಲಮ್ಮ ಕೇಳೇ ಕೇಳುತ್ತಾಳೆ. ಹೆಣದ ತಲೆದಿಂಬಿನ ಪಕ್ಕ ರೇಡಿಯೋ ಇಟ್ಟು, ಹಾಡು ಬರುವ ಸ್ಟೇಷನ್ನಿಗೆ ತಿರುಗಿಸಿ, ಬಾಗಿಲಿಗೆ ಚಿಲಕ ಹಾಕಿಕೊಂಡು ಬಂದೆ. ಸೂತಕಕ್ಕೆ ಹೆದರಿ ಹೆಣ ಮುಚ್ಚಿಟ್ಟವಳು, ಹೆಣ ಮುಟ್ಟಿದ ಕೈಯಲ್ಲೇ ಹೋಗಿ ಹುಳು ಆರಿಸಿದೆ. ಹುಳುವಿಗೆ ಏನೂ ಆಗಲಿಲ್ಲ. ಮಾವ ಹೇಳುತ್ತಿದ್ದದ್ದು ಸರಿ ಅಂತ ಅವತ್ತು ನನ್ನ ಕೈಗೇ ಗೊತ್ತಾಯಿತು.

ಒಂಬತ್ತೂವರೆಗೆ ಬೇಲಿಯಾಚೆಯಿಂದ ಕೂಗು ಬಂತು.

“ಏಮ್ರಾ ಬಯ್ಯಪ್ಪ! ಬದುಕಿದೀಯೇನೋ?”

ಕೈಯಲ್ಲಿದ್ದ ಹುಳು ಜಾರಿ ಬಿತ್ತು. ನಗರಗೆರೆ ಮಾವ! ನವೆಂಬರ್ ಅನ್ನುವುದೇ ನನಗೆ ಮರೆತುಹೋಗಿತ್ತು. ಪಿಂಚಣಿ ಬರುವವರು ವರ್ಷಕ್ಕೊಮ್ಮೆ ಈ ತಿಂಗಳಲ್ಲಿ ಬ್ಯಾಂಕಿಗೆ ಹೋಗಿ ಬದುಕಿದ್ದೇವೆ ಎಂದು ಬರೆದುಕೊಟ್ಟು ಬರಬೇಕು. ಗೌರಿಬಿದನೂರಿನಲ್ಲೇ ಕೊಡಬಹುದಾಗಿದ್ದರೂ ಅವರು ಮೂರು ಬಸ್ಸು ಬದಲಾಯಿಸಿಕೊಂಡು ಇಲ್ಲಿಗೆ ಬಂದು, ಮಾವನನ್ನು ಕರೆದುಕೊಂಡು ಶಿಡ್ಲಘಟ್ಟಕ್ಕೆ ಹೋಗುತ್ತಿದ್ದರು. ಪ್ರತಿವರ್ಷವೂ ಬೇಲಿಯಾಚೆಯಿಂದ ಇದೇ ಕೂಗು. “ನೀನು ಬಂದ್ಯಲ್ಲ, ಬದುಕ್ಲೇಬೇಕಲ್ಲೋ” ಎಂದು ಮಾವನ ಉತ್ತರ. ಅವತ್ತು ರೇಡಿಯೋ ಒಂದೇ ಹಾಡುತ್ತಿತ್ತು.

ನಾನು ಓಡಿ ಹೊರಗೆ ಬಂದೆ. ಇಸ್ತ್ರಿ ಮಾಡಿದ ಬಿಳಿ ಶರಟು, ನುಣ್ಣಗೆ ಮಾಡಿದ ಗಡ್ಡ, ಕಂಕುಳಲ್ಲಿ ಕಾಗದದ ಕವರು.

“ಮಾವ ನಿದ್ದೆ ಮಾಡ್ತಾವ್ರೆ” ಅಂದೆ. “ರಾತ್ರಿ ಜ್ವರ ಇತ್ತು. ಮಾತ್ರೆ ತಗೊಂಡು ಈಗ ತಾನೆ ಮಲಗವ್ರೆ. ಎಬ್ಬಿಸ್ಬೇಡಿ ಮಾವ.”

“ಹೌದಾ? ಮಲಗ್ಲಿ ಬಿಡಮ್ಮ. ನಾನು ಕಾಯ್ತೀನಿ. ನೀನು ಹುಳ ನೋಡ್ಕೋ ಹೋಗು.”

ಕೋಣೆಯ ಕಿಟಕಿಯ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತರು. ನಾನು ಕಾಫಿ ಕೊಟ್ಟೆ. ಲೋಟ ತೆಗೆದುಕೊಳ್ಳುತ್ತ, “ಈ ಸಲ ಹೇಳ್ಬಿಡ್ತೀನಿ ಕಣಮ್ಮ” ಅಂದರು. “ಡಾಕ್ಟ್ರು ನನ್ ಹಾರ್ಟು ಸರಿ ಇಲ್ಲ ಅಂದವ್ರೆ. ಯಾರು ಮೊದಲು ಹೋಗ್ತೀವೋ ಏನೋ. ಹೆಣದ ಮುಂದೆ ಕೂತು ಹೇಳೋದೇನು? ಅವನು ಬದುಕಿರುವಾಗ್ಲೇ ಕೇಳಿಸ್ಕೊಳ್ಲಿ. ಅಳ್ತಾನೆ. ಅತ್ರೆ ಅಳ್ಲಿ.”

ಆಗಲಾದರೂ ಹೇಳಬಾರದಿತ್ತೇ ನಾನು? ಅವರೊಬ್ಬರ ಕಿವಿಯಲ್ಲಿ ಹೇಳಿದ್ದರೆ ಮುಗಿದಿತ್ತು. ಅವರೇನು ಊರಿಗೆ ಸಾರುತ್ತಿದ್ದರೇ? ಬಾಗಿಲು ಹಾಕಿಕೊಂಡು ಸ್ನೇಹಿತನ ಪಕ್ಕ ಸಂಜೆ ತನಕ ಸುಮ್ಮನೆ ಕೂತಿರುತ್ತಿದ್ದರು. ಹುಳುಮನೆಯಿಂದ ಗಂಗುಲಮ್ಮ “ಅನಸೂಯಮ್ಮಾ, ತಟ್ಟೆ ಕೊಡು” ಎಂದು ಕೂಗಿದಳು. ನಾನು ತಟ್ಟೆ ಕೊಡಲು ಹೋದೆ.

ಎರಡು ಗಂಟೆ ಕೂತಿದ್ದರು. ನಡುವೆ ಒಂದು ಸಲ ಎದ್ದು ಕಿಟಕಿಯ ಸರಳು ಹಿಡಿದು ಒಳಗೆ ನೋಡಿದ್ದನ್ನು ನಾನು ಹುಳುಮನೆಯ ಬಾಗಿಲಿನಿಂದ ಕಂಡೆ. ತಟ್ಟೆ ಕೆಳಗಿಟ್ಟು ಅವರ ಹಿಂದೆ ಬಂದು ನಿಂತೆ. ಅವರು ಮೆಲ್ಲಗೆ, “ಏಯ್, ಹೇಳ್ತೀನಿ ಕಣೋ ಈ ಸಲ. ಬೇಗ ಹುಷಾರಾಗು” ಅಂದರು. ನನ್ನ ಕಡೆ ತಿರುಗಿ, “ರೇಡಿಯೋ ಹಾಕ್ಕೊಂಡೇ ನಿದ್ದೆ ಮಾಡ್ತಾನೆ ನೋಡು ಕಳ್ಳ” ಎಂದು ನಕ್ಕರು.

ಹನ್ನೊಂದೂವರೆಗೆ ಹೊರಟರು. “ಬ್ಯಾಂಕಿಗೆ ಹೋಗ್ಬರ್ತೀನಿ. ಬಯ್ಯಪ್ಪ ಬದುಕವ್ನೆ, ಜ್ವರ ಬಂದು ಮಲಗವ್ನೆ, ನಾಳಿದ್ದು ನಾನೇ ಕರ್ಕೊಂಡ್ ಬರ್ತೀನಿ ಅಂತ ಹೇಳ್ತೀನಿ ಅವರಿಗೆ” ಅಂದರು. ನಾನು ಹೂಂ ಅಂದೆ.

ನಾಲ್ಕೂವರೆಗೆ ಕೊನೆಯ ಹುಳು ಚಂದ್ರಿಕೆ ಏರಿತು. ಹೆಂಗಸರು ಕೈ ತೊಳೆದುಕೊಂಡು ಹೋದರು. ಐದು ಗಂಟೆಗೆ ನಾನು ರೇಡಿಯೋ ಆರಿಸಿ, ಬಾಗಿಲು ತೆಗೆದು, ಅಂಗಳಕ್ಕೆ ಬಂದು ಎದೆ ಬಡಿದುಕೊಂಡೆ. ನಾಟಕ ಮಾಡಬೇಕು ಅಂದುಕೊಂಡಿದ್ದೆ, ನಿಜವಾದ ಅಳುವೇ ಬಂತು, ಅದೂ ಹತ್ತೂವರೆ ಗಂಟೆ ತಡವಾಗಿ. ಊರು ಬಂತು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪಾಠ ಮಾಡುವ ಮಗಳು ತನುಜ ಬಂದಳು. ಅವತ್ತು ಮಾವನನ್ನು ಒಳಗೆ ಕೂರಿಸದ ಹೋಟೆಲ್ ಮಾಲೀಕನ ಮಗ ಕೂಡ ದೊಡ್ಡ ಹಾರ ತಂದು ಹಾಕಿ, “ನಮ್ಮೂರಿನ ಹೆಮ್ಮೆ” ಎಂದು ಫೋಟೋ ತೆಗೆಸಿಕೊಂಡ. ನಗರಗೆರೆಗೆ ಫೋನು ಮಾಡಿದೆ. ನಗರಗೆರೆ ಮಾವನ ಸೊಸೆ ಕವಿತ ತೆಗೆದುಕೊಂಡಳು.

ಮಾರನೆಯ ಬೆಳಿಗ್ಗೆ ನಗರಗೆರೆ ಮಾವ ಮೊದಲ ಬಸ್ಸಿಗೇ ಬಂದರು. ಬೇಲಿಯಾಚೆ ಕೂಗಲಿಲ್ಲ. ಜನ ದಾರಿ ಬಿಟ್ಟರು. ಕೋಣೆಯಲ್ಲೇ ನೆಲಕ್ಕೆ ಇಳಿಸಿದ್ದ ಮಾವನ ಪಕ್ಕ ಚಾಪೆಯ ಮೇಲೆ ಕೂತರು. ಮನೆಯವರೆಲ್ಲ ಸುತ್ತ ಸೇರಿದೆವು. ಈ ಒಪ್ಪಂದದ ಸುದ್ದಿ ಕೇರಿಗೆಲ್ಲ ಗೊತ್ತು, ಮಾವ ಯಾರಿಗೆ ಹೇಳದೆ ಬಿಟ್ಟಿದ್ದರು? ತನುಜ ರೆಕಾರ್ಡ್ ಮಾಡಲು ಮೊಬೈಲು ಹಿಡಿದು ಕೂತಳು. ಆ ಕಂದು ಸ್ವೆಟರನ್ನು ನಾನೇ ಪೆಟ್ಟಿಗೆಯಿಂದ ತೆಗೆದು ಹೆಣದ ಎದೆಯ ಮೇಲೆ ಇಟ್ಟಿದ್ದೆ.

ನಗರಗೆರೆ ಮಾವ ಸ್ನೇಹಿತನ ಕೆನ್ನೆ ಸವರಿದರು. ಕೈ ನಿಂತಿತು. ಮತ್ತೊಮ್ಮೆ, ಉಲ್ಟಾ ಸವರಿದರು. ಗಲ್ಲದ ಮೇಲೆ ಬಿಳಿಯ ಕೂಳೆ.

“ನಿನ್ನೆ ಇವನು ಗಡ್ಡ ಮಾಡ್ಕೊಳ್ಳಲಿಲ್ವಾ?” ಅಂದರು. ಕೇಳಿದ್ದು ನನ್ನನ್ನು.

“ಮೈ ಹುಷಾರಿರ್ಲಿಲ್ಲ ಅಂದ್ನಲ್ಲ ಮಾವ. ಮಲಗೇ ಇದ್ರು.”

“ನೂರ ನಾಲ್ಕು ಜ್ವರ ಇದ್ದಾಗ ಟೆಂಟಲ್ಲಿ ನನ್ ಕೈಲಿ ಕನ್ನಡಿ ಹಿಡಿಸ್ಕೊಂಡು ಗಡ್ಡ ಮಾಡ್ಕೊಂಡೋನು ಇವನು. ಸಂಜೆ ಐದರವರೆಗೆ ಬದುಕಿದ್ದೋನು ಗಡ್ಡ ಬಿಟ್ಕೊಂಡಿದ್ನಾ? ಅದೂ ಬ್ಯಾಂಕಿಗೆ ಹೋಗೋ ದಿನ?”

ವೇಣು ಎದ್ದು ಹೊರಗೆ ಹೋದ. ಅವರು ನನ್ನ ಮುಖವನ್ನೇ ನೋಡಿದರು. ಕಿಟಕಿಯನ್ನು ನೋಡಿದರು. ಮಂಚದ ಮೇಲೆ ತಲೆದಿಂಬಿನ ಪಕ್ಕ ಇನ್ನೂ ಅಲ್ಲೇ ಇದ್ದ ರೇಡಿಯೋ ನೋಡಿದರು. ಸುತ್ತ ಇದ್ದವರಿಗೆ ಕೇಳಿಸದ ಹಾಗೆ, ನನಗೆ ಮಾತ್ರ ಕೇಳಿಸುವ ಹಾಗೆ, “ಅವನು ಬದುಕವ್ನೆ ಅಂತ ನಿನ್ನೆ ಬ್ಯಾಂಕಲ್ಲಿ ಹೇಳ್ಬಂದ್ನಲ್ಲಮ್ಮ ನಾನು” ಅಂದರು. ಅಷ್ಟೇ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ತನುಜಳ ಕಡೆ ತಿರುಗಿ, “ಒಂಚೂರು ಬಿಸಿನೀರು ತಗೊಂಬಾರಮ್ಮ. ಅವನ ಮಗ್ಗಲ್ಲಿ. ಸೋಪು, ಬ್ರಷ್ಷು, ಬ್ಲೇಡು” ಅಂದರು. ತಂದಳು. ತೊಡೆಯ ಮೇಲೆ ಸ್ನೇಹಿತನ ತಲೆ ಇಟ್ಟುಕೊಂಡು, ನೊರೆ ಹಚ್ಚಿ, ನಿಧಾನವಾಗಿ ಗಡ್ಡ ಮಾಡತೊಡಗಿದರು. ಮಾಡುತ್ತ ಬಗ್ಗಿದರು. ಬಾಯಿ ಕಿವಿಯ ಹತ್ತಿರ ಬಂತು. ತುಟಿ ಅಲ್ಲಾಡುತ್ತಿತ್ತು.

ಹೇಳುತ್ತಿದ್ದರು. ಕೊಟ್ಟ ಮಾತಿನ ಪ್ರಕಾರ ಪಕ್ಕದಲ್ಲಿ ಕೂತು ಪೂರ್ತಿ ಹೇಳುತ್ತಿದ್ದರು. ನಮಗೆ ಒಂದಕ್ಷರವೂ ಕೇಳಿಸಲಿಲ್ಲ. ತನುಜ ಮೊಬೈಲು ಹತ್ತಿರ ತಂದು, “ತಾತ, ಜೋರಾಗಿ ಹೇಳಿ ತಾತ, ನಮಗೂ ಕೇಳಿಸ್ಲಿ” ಅಂದಳು. ಅವರು ತಲೆ ಎತ್ತಲಿಲ್ಲ. ಒಂದು ಕೆನ್ನೆ ಮುಗಿಯಿತು, ಇನ್ನೊಂದು ಕೆನ್ನೆ ಮುಗಿಯಿತು, ಗಲ್ಲ ಮುಗಿಯಿತು. ನಡುವೆ ಒಂದು ಕಡೆ ಬ್ಲೇಡನ್ನು ಮಗ್ಗಿನಲ್ಲಿ ಅದ್ದಿ ನಿಲ್ಲಿಸಿದರು. ಯಾವುದರ ಬಗ್ಗೆ ಹೇಳುವಾಗ ನಿಲ್ಲಿಸಿದರೋ! ಬಟ್ಟೆಯಿಂದ ಮುಖ ಒರೆಸಿ, ಮಗ್ಗಿನ ನೀರನ್ನು ತಾವೇ ಬೇವಿನ ಮರದ ಬುಡಕ್ಕೆ ಚೆಲ್ಲಿ ಬಂದು, ನಿಂತು ಸೆಲ್ಯೂಟು ಹೊಡೆದರು. ಮಣ್ಣು ಮಾಡು‌ವ ತನಕ ಇದ್ದರು. ನಮ್ಮ ಮನೆಯಲ್ಲಿ ನೀರು ಕೂಡ ಮುಟ್ಟದೆ ಹೋದರು.

ನಾಲ್ಕು ದಿನ ಬಿಟ್ಟು ಹುಳುಮನೆಗೆ ಹೋಗಿ ನೋಡಿದರೆ ಗೂಡುಗಳು ಬೆಳ್ಳಗೆ, ದುಂಡಗೆ, ಒಂದೂ ಕೆಡದೆ ಕಟ್ಟಿದ್ದವು. ಇಷ್ಟು ವರ್ಷದಲ್ಲಿ ಅಂಥ ಬೆಳೆ ಬಂದಿರಲಿಲ್ಲ. ಎಲ್ಲರೂ ಬಯ್ಯಪ್ಪನ ಆಶೀರ್ವಾದ ಅಂದರು. 

ಹನ್ನೊಂದನೇ ದಿನ ಕಳೆದ ಮೇಲೆ ತನುಜಳಿಗೆ ನಾನೇ ಹೇಳಿದೆ. ಇಲ್ಲದಿದ್ದರೆ ನನ್ನ ತಲೆ ಸಿಡಿಯುತ್ತಿತ್ತು. ಅವಳು ಕೂಗಾಡಲಿಲ್ಲ. “ತಾತನ ಕಥೆ ಅಷ್ಟು ಜನರ ಮುಂದೆ ಅರ್ಧಕ್ಕೆ ನಿಲ್ಸಿದ್ದು ನೀನೇ ಅಮ್ಮ” ಅಂದಳು. ಅವತ್ತಿನಿಂದ ವಾರಕ್ಕೊಂದು ಸಲ ಅಪ್ಪನಿಗೆ ಮಾತ್ರ ಫೋನು ಮಾಡುತ್ತಾಳೆ.

ಮೂರು ತಿಂಗಳು ತಡೆದೆ. ಫೆಬ್ರವರಿಯಲ್ಲಿ ಒಂದು ದಿನ ಸ್ವೆಟರನ್ನು ಚೀಲದಲ್ಲಿ ಹಾಕಿಕೊಂಡು ಹೊರಟೆ. ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು, ನಗರಗೆರೆ. ಎಪ್ಪತ್ತೇಳು ವರ್ಷದ ಮುದುಕ ವರ್ಷಾ ವರ್ಷಾ ಎಷ್ಟು ಬಸ್ಸು ಹತ್ತಿ ಇಳಿಯುತ್ತಿದ್ದರು ಅನ್ನುವುದು ಅವತ್ತು ನನ್ನ ಮೊಣಕಾಲಿಗೆ ತಿಳಿಯಿತು. ಕಾಲು ಹಿಡಿದುಕೊಳ್ಳಬೇಕು, ಬೈಸಿಕೊಳ್ಳಬೇಕು, ಹೊಡೆದರೆ ಹೊಡೆಸಿಕೊಳ್ಳಬೇಕು, ಆಮೇಲೆ ಆ ಮೂರು ದಿನದ ಕಥೆ ಕೇಳಬೇಕು. ನನಗಾಗಿ ಅಲ್ಲ, ಹುಡುಗಿಗಾಗಿ. ಹೀಗೆಲ್ಲ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಸುಳ್ಳೇಕೆ, ನನಗಾಗಿಯೂ ಹೌದು.

ಕವಿತ ಬಾಗಿಲಲ್ಲಿ ರಾಗಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು, “ಬನ್ನಿ ಅಕ್ಕ” ಎಂದು ಒಳಗೆ ಹೋದಳು. ಒಳಗೆ ಕೆಮ್ಮು ಕೇಳಿಸಿತು, ಮಾತು ಕೇಳಿಸಿತು. ಹೊರಗೆ ಬಂದಾಗ ಅವಳ ಮುಖ ಸಣ್ಣಗಾಗಿತ್ತು.

“ಏನೂ ಅಂದ್ಕೋಬೇಡಿ ಅಕ್ಕ. ಮಾವ ನಿದ್ದೆ ಮಾಡ್ತಾವ್ರಂತೆ. ಎಬ್ಬಿಸ್ಬೇಡಿ ಅಂತ ಹೇಳು ಅಂದ್ರು.”

ಅವಳ ಮಾತು ಮುಗಿಯುವ ಮೊದಲೇ ಒಳಗೆ ರೇಡಿಯೋ ಶುರುವಾಯಿತು.

ನಾನು ಜಗಲಿಯ ಮೇಲೆ ಕೂತೆ. ಕವಿತ ಕಾಫಿ ತಂದುಕೊಟ್ಟಳು, ಕುಡಿದೆ. ಅವರು ನಮ್ಮ ಅಂಗಳದಲ್ಲಿ ಎರಡು ಗಂಟೆ ಕಾದಿದ್ದರು, ನಾನೂ ಎರಡು ಗಂಟೆ ಕಾದೆ. ಎದ್ದು ಕಿಟಕಿಯ ಸರಳು ಹಿಡಿದು ನೋಡಿದೆ. ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು, ಕಂಬಳಿ ಹೊದ್ದುಕೊಂಡು. “ತಪ್ಪಾಯ್ತು ಮಾವ” ಅಂದೆ. ಕಂಬಳಿಯೊಳಗಿಂದ ಒಂದು ಕೈ ಹೊರಗೆ ಬಂದು ರೇಡಿಯೋ ಸದ್ದನ್ನು ಜೋರು ಮಾಡಿತು.

ಸ್ವೆಟರನ್ನು ಕವಿತಳ ಕೈಗೆ ಕೊಡಲು ಹೋದೆ. ಅವಳು ಹಿಂದೆ ಸರಿದು, “ಬೇಡ ಅಕ್ಕ, ಯಾರದು ಅಂತ ಕೇಳಿದ್ರೆ ನಾನೇನು ಹೇಳ್ಲಿ?” ಅಂದಳು. ಹೌದಲ್ಲ, ನಾನಾದರೂ ಏನು ಹೇಳಲಿ? ಮತ್ತೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.